ಟಿಎಸ್‌ಎಚ್ ನಾರ್ಮಲ್ ಬಂತು, ಕಣ್ಣಿನ ಉರಿ ಯಾಕ ಹೋಗವಲ್ದು?

ಗುಮ್ಮಟದ ಗಾಳಿ, ವಿಜಯಪುರ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ವೈನಿಗೆ 46 ವರ್ಷ. ಥೈರಾಯ್ಡ್ ಹೆಚ್ಚಾಗೋ ಜಾತಿದು, ಚೀಟಿ ಮ್ಯಾಲೆ ಗ್ರೇವ್ಸ್ ಅಂತ ಬರದಾರ. ಕಾರ್ಬಿಮಝೋಲ್ ಗುಳಗಿ ಎಂಟು ತಿಂಗಳಿಂದ ನಡದೈತಿ. ಹೋದ ವಾರದ ರಿಪೋರ್ಟಿನಾಗ ಟಿಎಸ್‌ಎಚ್ (ಥೈರಾಯ್ಡ್ ಹದಕ್ಕ ಐತೇನಂತ ತೋರಿಸೋ ರಕ್ತ ಪರೀಕ್ಷಾ) 2.1 ಬಂದೈತಿ, ನಾರ್ಮಲ್. ಆದ್ರ ಮುಂಜಾನೆ ಎದ್ದ ಕೂಡ್ಲೆ ಕಣ್ಣಾಗ ಉಸುಕು ಹಾಕಿದಂಗ ಚುಚ್ಚತೈತಿ, ಗಾಳಿಗೆ ಹೋದ್ರ ದಳದಳ ನೀರು ಸುರೀತಾವು, ಸಂಜಿ ಆಗೂದ್ರಾಗ ಕೆಂಪ. ಮೆಡಿಕಲ್ ಅಂಗಡ್ಯಾಗ "ಕಣ್ಣು ಒಣಗ್ಯಾವು" ಅಂತ ಡ್ರಾಪ್ಸ್ ಕೊಟ್ಟಾರ, ಎರಡು ಬಾಟ್ಲಿ ಮುಗದಾವು. ನೀರು ಸುರಿಯೋ ಕಣ್ಣು ಒಣಗಿದ ಕಣ್ಣು ಹೆಂಗ ಆಕ್ಕೈತಿ? ರಕ್ತ ಸರಿ ಆದ ಮ್ಯಾಲೂ ಕಣ್ಣು ಯಾಕ ಸರಿ ಆಗವಲ್ವು? ಡ್ರಾಪ್ಸ್ ಯಾವುದು ಚಲೋ?

ಕುಂದಾ ಪ್ರಿಯ, ಬೆಳಗಾವಿ
ಯಾವ ಡ್ರಾಪ್ಸ್ ಅಂತ ಹೇಳದ "ಡ್ರಾಪ್ಸ್ ಹಾಕೀವಿ" ಅಂದ್ರ ಯಾರಿಗೂ ಏನೂ ತಿಳಿಯಂಗಿಲ್ಲ. ಬಾಟ್ಲಿ ಮ್ಯಾಲಿನ ಸಣ್ಣ ಅಕ್ಷರ ಓದಿ ಹಾಕ್ರಿ. ಕಂಪನಿ ಹೆಸರು ಬ್ಯಾಡ, ಒಳಗಿನ ಔಷಧದ ಹೆಸರು ಬೇಕು.

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಮೊದಲನೇ ಪ್ರಶ್ನೆ. ಕಣ್ಣೀರು ಅಂದ್ರ ಬರೇ ನೀರಲ್ಲ. ತಳದಾಗ ಲೋಳೆ, ನಡುವ ನೀರು, ಮ್ಯಾಲೆ ಎಣ್ಣೆಯ ತೆಳು ಪದರು. ಎಣ್ಣೆ ಬರೋದು ರೆಪ್ಪೆ ಅಂಚಿನ ಮೈಬೋಮಿಯನ್ ಗ್ರಂಥಿಗಳಿಂದ. ಎಣ್ಣೆ ಕಡಿಮಿ ಆದ್ರ, ಇಲ್ಲಾ ಕಣ್ಣು ಹೆಚ್ಚು ತೆರದs ಇದ್ರ, ನೀರು ಆರಿಹೋಗಿ ಕಾರ್ನಿಯಾ, ಅಂದ್ರ ಕರಿಗುಡ್ಡೆ ಮುಂದಿನ ಗಾಜಿನಂಥ ಪೊರೆ, ಬೋಳಾಗತೈತಿ. ಕಾರ್ನಿಯಾದ ನರ ಮಿದುಳಿಗೆ ದೂರು ಕೊಟ್ಟ ಕೂಡ್ಲೆ ದೊಡ್ಡ ಕಣ್ಣೀರ ಗ್ರಂಥಿ ನಲ್ಲಿ ಬಿಟ್ಟಂಗ ನೀರು ಬಿಡತೈತಿ. ಆ ನೀರಿನ್ಯಾಗ ಎಣ್ಣೆ, ಲೋಳೆ ಹದಕ್ಕ ಇರಂಗಿಲ್ಲ. ಕಣ್ಣಿಗೆ ಹತ್ತದ ಗಲ್ಲಕ್ಕ ಇಳೀತೈತಿ. ಹಂಗಾಗಿ ಸುರಿಯೋ ಕಣ್ಣs ಒಣಗಿದ ಕಣ್ಣು.

ಎರಡನೇದು. ಗ್ರೇವ್ಸ್‌ನಾಗ ಥೈರಾಯ್ಡನ್ನ ಕೆಣಕೋ ಪ್ರತಿಕಾಯಗಳು ಕಣ್ಣಿನ ಹಿಂದಿನ ಕೊಬ್ಬು, ಸ್ನಾಯುಗಳನ್ನೂ ಕೆಣಕತಾವು. ಅವು ಊದಿ ಕಣ್ಣಗುಡ್ಡಿ ಮುಂದ ಬರತೈತಿ, ಮ್ಯಾಲಿನ ರೆಪ್ಪೆ ಮ್ಯಾಲಕ್ಕ ಸೇದಕೊಂತೈತಿ. ಕಾರ್ಬಿಮಝೋಲ್ ಗ್ರಂಥಿಯೊಳಗ ಹಾರ್ಮೋನ್ ತಯಾರಾಗೋದನ್ನ ತಡೀತೈತಿ, ಕಣ್ಣಿನ ಹಿಂದ ಊದಿದ್ದನ್ನ ಅದು ಇಳಿಸಂಗಿಲ್ಲ. ಟಿಎಸ್‌ಎಚ್ 2.1 ಅನ್ನೋದು ಕೊರಳಿನ ಸುದ್ದಿ, ಕಣ್ಣಿನ ಸುದ್ದಿ ಅಲ್ಲ. ಕಣ್ಣಿಗೆ ತನ್ನದೇ ಪಂಚಾಂಗ ಐತಿ: ಕೆಲವು ತಿಂಗಳಿಂದ ಹಿಡದು ಎರಡು ವರ್ಷದ ತನಕ ಉರಿಯೂತದ ಹಂತ, ಆಮ್ಯಾಲೆ ತಣ್ಣಗಾಗಿ ಉಳಿಯೋ ಗಟ್ಟಿ ಹಂತ.

ಮೂರನೇದಕ್ಕ ಉತ್ತರ ಈಗs ಕೊಡಂಗಿಲ್ಲ. ಮೊದಲ ಒಂದು ಕೆಲಸ ಮಾಡ್ರಿ. ಮುಂಜಾನೆ ಎದ್ದ ಕೂಡ್ಲೆ ಹೆಚ್ಚು ಚುಚ್ಚತೈತಿ ಅಂದ್ರಿ. ಬರೇ ಆರಿ ಒಣಗೋ ಕಣ್ಣು ಹೊತ್ತು ಏರಿದಂಗ ಸಂಜಿಗೆ ಜಾಸ್ತಿ ಕಾಡತೈತಿ. ಮುಂಜಾನೆ ಚುಚ್ಚೋದಂದ್ರ ರಾತ್ರಿ ರೆಪ್ಪೆ ಪೂರಾ ಮುಚ್ಚವಲ್ದು ಅನ್ನೋ ಸಂಶಯ. ಅವರು ನಿದ್ದಿ ಹತ್ತಿ ಒಂದು ತಾಸು ಆದ ಮ್ಯಾಲೆ ಮೊಬೈಲ್ ಟಾರ್ಚ್ ಗ್ವಾಡಿ ಕಡೆ ತಿರುಗಿಸಿ, ಆ ಸಣ್ಣ ಬೆಳಕಿನ್ಯಾಗ ಎರಡೂ ರೆಪ್ಪೆ ನಡುವ ಬಿಳಿ ಗೆರಿ ಕಾಣತೈತೇನ ನೋಡ್ರಿ. ಮಾರಿ ಮ್ಯಾಲೆ ನೇರ ಬೆಳಕು ಬಿಟ್ರ ಎಚ್ಚರಾಗಿ ಮುಚ್ಚಿಬಿಡತಾರ.

ಜ್ವಾರಿ ರೊಟ್ಟಿ, ಮುದ್ದೇಬಿಹಾಳ
ಇದಕ್ಕೆಲ್ಲಾ ದವಾಖಾನಿ ಯಾಕ್ರಿ. ರಾತ್ರಿ ಎರಡು ಹನಿ ಹರಳೆಣ್ಣಿ ಕಣ್ಣಿಗೆ ಬಿಟ್ಟು ಮಲಗೂದು. ಹಿರೇರು ಮಾಡತಿದ್ರು.

ಔಷಧ ಚೀಟಿ, ಚಿಕ್ಕೋಡಿ
ಅಕ್ಕಾರ, ಅಡಗಿಮನಿ ಹರಳೆಣ್ಣಿ ಕಣ್ಣಿಗೆ ಬ್ಯಾಡ್ರಿ. ಹರಳೆಣ್ಣಿ ಸೇರಿಸಿ ತಯಾರಾದ ಕಣ್ಣಿನ ಔಷಧ ಇದಾವು, ಸುಳ್ಳಲ್ಲ. ಅವು ಕ್ರಿಮಿ ಇಲ್ದಂಗ ಶುದ್ಧ ಮಾಡಿ, ನೀರಿನ್ಯಾಗ ಒಡಿಸಿದ ಎಣ್ಣಿ. ಗಾಣದಿಂದ ಬಂದ ಎಣ್ಣ್ಯಾಗ ಏನೇನು ಐತಿ ಯಾರು ನೋಡ್ಯಾರ? ಕಾರ್ನಿಯಾ ಮ್ಯಾಲೆ ಸಣ್ಣ ಗೀರು ಇದ್ರ ಸೋಂಕು ಒಳಗ ಹೊಕ್ಕಂಗ. ಜೇನತುಪ್ಪ, ಎದಿಹಾಲು, ಉಳ್ಳಾಗಡ್ಡಿ ರಸಕ್ಕೂ ಇದೇ ಮಾತು. ಬಾಟ್ಲಿ ಗುಲಾಬಿ ನೀರು ಮಾರಿಗೆ ಹಚ್ಚಾಕ ಇರೋದು, ಕಣ್ಣಿಗೆ ಅಲ್ಲ. ಕಾಡಿಗಿನೂ ಸದ್ಯ ಬಿಡಿಸ್ರಿ. ರೆಪ್ಪೆ ಅಂಚಿನ ಎಣ್ಣಿ ತೂತುಗಳನ್ನ ಅದು ಮುಚ್ಚತೈತಿ.

ಗುಮ್ಮಟದ ಗಾಳಿ, ವಿಜಯಪುರ
ಬಾಟ್ಲಿ ಓದಿದೆ. ನಾಫಾಝೋಲಿನ್, ಅದರ ಜೋಡಿ ಕ್ಲೋರ್‌ಫೆನಿರಮಿನ್ ಅಂತ ಐತಿ. ಹಾಕಿದ ಹತ್ತು ನಿಮಿಷಕ್ಕ ಕೆಂಪು ಹೋಗತೈತಿ, ಖರೇ. ಎರಡು ತಾಸಿಗೆ ಮತ್ತ ಬರತೈತಿ, ಮೊದಲಿಗಿಂತ ಜಾಸ್ತಿ.

ಔಷಧ ಚೀಟಿ, ಚಿಕ್ಕೋಡಿ
ಸಿಕ್ತು ನೋಡ್ರಿ. ಅದು ಒಣಗಣ್ಣಿನ ಔಷಧನs ಅಲ್ಲ. ನಾಫಾಝೋಲಿನ್ ರಕ್ತನಾಳ ಬಿಗಿ ಹಿಡೀತೈತಿ, ಕಣ್ಣು ಬೆಳ್ಳಗ ಕಾಣತೈತಿ. ಅದರ ಜೋರು ಇಳಿದ ಕೂಡ್ಲೆ ನಾಳ ಮೊದಲಿಗಿಂತ ಅಗಲ ಆಗಿ ಕೆಂಪು ತಿರುಗಿ ಬರತೈತಿ, ಮತ್ತ ಹಾಕಬೇಕನಸತೈತಿ. ಕ್ಲೋರ್‌ಫೆನಿರಮಿನ್ ಅಲರ್ಜಿ ಔಷಧ, ಅದು ಕಣ್ಣೀರು ಇನ್ನಷ್ಟು ಕಡಿಮಿ ಮಾಡೋ ಜಾತಿದು. ಮ್ಯಾಲಾಗಿ ನಾಫಾಝೋಲಿನ್‌ಗೆ ಮ್ಯಾಲಿನ ರೆಪ್ಪಿ ಎತ್ತೋ ಗುಣಾನೂ ಐತಿ. ಮೊದಲs ರೆಪ್ಪಿ ಮ್ಯಾಲೆ ಸೇದಕೊಂಡವರಿಗೆ ಇದು! ಥೈರಾಯ್ಡ್ ಹೆಚ್ಚಿದ್ದವರು ವೈದ್ಯರನ್ನ ಕೇಳದ ಬಳಸಬಾರದು ಅಂತ ಇಂಥಾ ಡ್ರಾಪ್ಸಿನ ಎಚ್ಚರಿಕಿಯೊಳಗs ಇರತೈತಿ. ಇವತ್ತs ನಿಲ್ಲಿಸ್ರಿ. ನಿಲ್ಲಿಸಿದ ಮ್ಯಾಲೆ ಕೆಲವು ದಿನ ಕೆಂಪು ಜಾಸ್ತಿ ಕಾಣತೈತಿ, ಹೆದರಬ್ಯಾಡ್ರಿ.

ಕುಂದಾ ಪ್ರಿಯ, ಬೆಳಗಾವಿ
ಇನ್ನೊಂದು ಇದಕ್ಕಿಂತ ಕೆಟ್ಟದ್ದೈತಿ: "ಕಣ್ಣು ಕೆಂಪಾಗ್ಯಾವ, ಏನರ ಕೊಡ್ರಿ" ಅಂದ್ರ ಕೈಗೆ ಬರೋ ಸ್ಟೀರಾಯ್ಡ್ ಡ್ರಾಪ್ಸ್. ಬಾಟ್ಲಿ ಮ್ಯಾಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಅಂತ ಇದ್ರ, ಆ್ಯಂಟಿಬಯೋಟಿಕ್ ಜೋಡಿ ಸೇರಿಸಿದ್ದಾದ್ರೂ, ಅದು ಸ್ಟೀರಾಯ್ಡ್. ಎರಡು ದಿನದಾಗ ಸ್ವರ್ಗ ಕಾಣಿಸತೈತಿ. ತಿಂಗಳುಗಟ್ಟಲೆ ಹಾಕಿದ್ರ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ದೃಷ್ಟಿ ನರ ಕೆಡಿಸೋ ರೋಗ), ಮೋತಿಬಿಂದು ಎರಡೂ ಬರಬಹುದು. ಒತ್ತಡ ಏರಿದ್ದು ಹಾಕಿಕೊಂಡವರಿಗೆ ಗೊತ್ತs ಆಗಂಗಿಲ್ಲ. ವೈದ್ಯರು ಬರದು, ಇಂತಿಷ್ಟು ದಿನ ಅಂತ ಹೇಳಿ, ಒತ್ತಡ ಅಳೀತಿದ್ರ ಮಾತ್ರ.

ರವದಿ, ಅಥಣಿ
ಕಬ್ಬಿನ ಸೀಮಿಯವರಿಗೆ ಇದರಾಗ ಒಂದು ಮಾತು ಸೇರಿಸ್ರಿ. ಕಬ್ಬಿನ ಗರಿ ಕಣ್ಣಿಗೆ ಬಡದು ಗೀರಾದ್ರ ಅಲ್ಲಿ ಬೆಳೆಯೋದು ಹೆಚ್ಚಾಗಿ ಬೂಸ್ಟು, ಅಂದ್ರ ಫಂಗಸ್. ಅದರ ಮ್ಯಾಲೆ ಸ್ಟೀರಾಯ್ಡ್ ಬಿಟ್ರ ಬೂಸ್ಟಿಗೆ ಗೊಬ್ಬರ ಹಾಕಿದಂಗ. ಕಣ್ಣು ಮುಂದ ಬಂದವರು, ರೆಪ್ಪಿ ಕಡಿಮಿ ಬಡಿಯೋರು ರವದಿಯೊಳಗ (ಕಬ್ಬಿನ ಒಣ ಗರಿಯೊಳಗ) ಬರೇ ಕಣ್ಣಿಲೆ ಹೋಗಬಾರದು. ಬದಿ ಮುಚ್ಚೋ ಪ್ಲಾಸ್ಟಿಕ್ ಕನ್ನಡಕ ಸಾಕು. ರಾಶಿ ಮಾಡುವಾಗ, ತೂರುವಾಗನೂ ಹಂಗs.

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ರವದಿಯವರು ಹೇಳಿದ್ದು ನೂರಕ್ಕ ನೂರು ಖರೇ. ಗರಿ ಬಡದ ಕಣ್ಣು ಕೆಂಪಾಗಿ, ಕರಿಗುಡ್ಡಿ ಮ್ಯಾಲೆ ಬಿಳಿ ಚುಕ್ಕಿ ಕಂಡ್ರ ಅವತ್ತs ಕಣ್ಣಿನ ವೈದ್ಯರ ಹತ್ತಿರ. ನಾಳೆ ಸಂತಿ ಮುಗಿಸಿ ಹೋಗೂಣು ಅನ್ನಬ್ಯಾಡ್ರಿ.

ಇಳಕಲ್ ಸೆರಗು
ಹಂಗಾದ್ರ ಡ್ರಾಪ್ಸ್ ಯಾವುದು ಹಾಕಬೇಕು? ಇಷ್ಟು ಹೊತ್ತಾತು, ಯಾವುದು ಬ್ಯಾಡ ಅನ್ನೋದs ನಡದೈತಿ.

ಔಷಧ ಚೀಟಿ, ಚಿಕ್ಕೋಡಿ
ಹೇಳತೀನ್ರಿ. ಕೃತಕ ಕಣ್ಣೀರು ಅಂತ ಕೇಳ್ರಿ. ತೆಳುದು: ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5%. ಅದರ ದಪ್ಪಂದು 1%, ಹೆಚ್ಚು ಹೊತ್ತು ನಿಲ್ಲತೈತಿ, ಸ್ವಲ್ಪ ಮಸಕು ಮಾಡತೈತಿ. ಸೋಡಿಯಂ ಹೈಲುರೊನೇಟ್ 0.1% ಇನ್ನೊಂದು, ನೀರು ಹಿಡಕೊಳ್ಳೋದರಾಗ ಚಲೋ, ರೊಕ್ಕ ಜಾಸ್ತಿ. ಎಣ್ಣಿ ಪದರು ಕಡಿಮಿ ಇದ್ದವರಿಗೆ ಎಣ್ಣಿ ಅಂಶ ಇರೋದು ಒಪ್ಪತೈತಿ. ರಾತ್ರಿಗೆ ಜೆಲ್ ಅಥವಾ ಮುಲಾಮು.

ಇದಕ್ಕಿಂತ ಮುಖ್ಯ, ಕೆಡದಂಗ ಇಡಾಕ ಹಾಕಿದ ರಸಾಯನ ಯಾವುದು ಅನ್ನೋದು. ಬಾಟ್ಲಿ ಮ್ಯಾಲೆ ಬೆಂಝಾಲ್ಕೋನಿಯಂ ಕ್ಲೋರೈಡ್ ಅಂತ ಇದ್ರ ದಿನಕ್ಕ ನಾಕು ಸಲಕ್ಕಿಂತ ಹೆಚ್ಚು ಹಾಕಬ್ಯಾಡ್ರಿ. ಅದು ಸಾಬೂನಿನ ಗುಣದ್ದು, ಕಾರ್ನಿಯಾದ ಮ್ಯಾಲಿನ ಕೋಶ ಕೆರೀತೈತಿ. ತಾಸಿಗೊಮ್ಮೆ, ಎರಡು ತಾಸಿಗೊಮ್ಮೆ ಬೇಕಾಗೋರು ಪ್ರಿಸರ್ವೇಟಿವ್ ಇಲ್ಲದ್ದು ತಗೋಬೇಕು. ಸಣ್ಣ ಒಂದೊಂದೇ ಪ್ಲಾಸ್ಟಿಕ್ ಕೊಳವಿ ಬರತಾವು; ತೆರೆದ ಕೊಳವಿ ನಾಳೆಗೆ ಇಡೋ ಹಂಗಿಲ್ಲ. ಸಾದಾ ಬಾಟ್ಲಿ ತೆರೆದ ಒಂದು ತಿಂಗಳಿಗೆ ಚೆಲ್ಲಬೇಕು. ತೆರೆದ ದಿನ ಪೆನ್ನಿಲೆ ಬಾಟ್ಲಿ ಮ್ಯಾಲೆ ಬರೀರಿ, ನೆನಪಿನ ಮ್ಯಾಲೆ ಬಿಡಬ್ಯಾಡ್ರಿ.

ಲೆಕ್ಕಾನೂ ನೋಡಕೋರಿ. 10 ಮಿಲಿ ಬಾಟ್ಲ್ಯಾಗ ಹತ್ತಿರ ಹತ್ತಿರ 200 ಹನಿ. ದಿನಕ್ಕ 4 ಸಲ, ಎರಡು ಕಣ್ಣು, 8 ಹನಿ. 25 ದಿನ ಬರಬೇಕು. ಹತ್ತು ದಿನಕ್ಕ ಮುಗೀತಂದ್ರ ಒಂದರ ಬದಲಿ ಎರಡು ಮೂರು ಹನಿ ಸುರೀಲಿಕ್ಕತ್ತೀರಿ. ಕಣ್ಣಾಗ ಒಂದು ಪೂರಾ ಹನಿನೂ ಹಿಡಿಯಂಗಿಲ್ಲ, ಉಳಿದದ್ದು ಗಲ್ಲಕ್ಕ.

ಕುಂದಾ ಪ್ರಿಯ, ಬೆಳಗಾವಿ
ಹಾಕೋ ರೀತೀನೂ ಹೇಳಬೇಕಿತ್ತು. ಕೈ ತೊಳಕೊಂಡು, ಕೆಳಗಿನ ರೆಪ್ಪಿ ಎಳದು ಕಿಸೆ ಮಾಡಿ, ಬಾಟ್ಲಿ ಮೂತಿ ರೆಪ್ಪಿಗೂ ಕೂದಲಿಗೂ ತಾಗದಂಗ ಒಂದs ಹನಿ. ಕಣ್ಣು ಮೆಲ್ಲಕ ಮುಚ್ಚಿ ಒಂದು ನಿಮಿಷ. ಪಟಪಟ ಬಡದ್ರ ಔಷಧ ಮೂಗಿನ ನಾಳಕ್ಕ ಹೋಗಿ ಗಂಟಲ ಕಹಿ ಆಗತೈತಿ. ಎರಡು ಬಗಿ ಡ್ರಾಪ್ಸ್ ಇದ್ರ ನಡುವ 5ರಿಂದ 10 ನಿಮಿಷ ಬಿಡ್ರಿ. ಮುಲಾಮು ಎಲ್ಲಾದಕ್ಕೂ ಕಡೀಕ. ಮೊದಲ ಹಚ್ಚಿದ್ರ ಹನಿ ಅದರ ಮ್ಯಾಲಿಂದ ಜಾರಿ ಹೋಗತೈತಿ.

ಬಿಸಿ ಬಟ್ಟಿ, ಜಮಖಂಡಿ
ಡ್ರಾಪ್ಸಿಗಿಂತ ಬಿಸಿ ಶಾಖ ಚಲೋರಿ. ಗ್ರಂಥ್ಯಾಗಿನ ಎಣ್ಣಿ ಬೆಣ್ಣಿ ಆದಂಗ ಗಟ್ಟಿಯಾಗಿರತೈತಿ, 40 ಡಿಗ್ರಿ ಹತ್ತಿರ ಬಂದ್ರ ಕರಗತೈತಿ. ಕೈಗೆ ಹಿತ ಅನ್ನೋಷ್ಟು ಬಿಸಿ ನೀರಿನ್ಯಾಗ ಬಟ್ಟಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣ ಮ್ಯಾಲೆ 10 ನಿಮಿಷ. ಬಟ್ಟಿ ಎರಡು ನಿಮಿಷಕ್ಕ ಆರತೈತಿ, ಮತ್ತ ಮತ್ತ ಅದ್ದಬೇಕು. ಆಮ್ಯಾಲೆ ಮ್ಯಾಲಿನ ರೆಪ್ಪಿ ಕೆಳಮುಖ, ಕೆಳಗಿನ ರೆಪ್ಪಿ ಮೇಲ್ಮುಖ ಬೆರಳಿಲೆ ಒತ್ತಿ ತೀಡಬೇಕು. ದಿನಕ್ಕ ಎರಡು ಸಲ, ಒಂದು ತಿಂಗಳು ಬಿಡದ. ಎಲ್ಲಾ ಥೈರಾಯ್ಡಿನವರಿಗೂ ಇದs ಮದ್ದು.

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಕಡೀ ಸಾಲು ತಪ್ಪು. ವಿಧಾನ ಸರಿ ಐತಿ, ಆದ್ರ ಅದು ಎಣ್ಣೆ ಗ್ರಂಥಿ ಕಟ್ಟಿದವರಿಗೆ. ಗ್ರೇವ್ಸ್ ಕಣ್ಣು ಉರಿಯೂತದ ಹಂತದಾಗ ಇದ್ದು ರೆಪ್ಪೆ ಊದಿದ್ರ ಬಿಸಿ ಶಾಖದಿಂದ ಊತ ಹೆಚ್ಚಾಗಬಹುದು. ಅವರಿಗೆ ತಣ್ಣನ ಬಟ್ಟೆ ಹಿತ. ಯಾವುದು ಅಂತ ತಿಳಿಯದವರು ಬಿಸಿ ಹಚ್ಚಬ್ಯಾಡ್ರಿ.

ಬಿಸಿ ಬಟ್ಟಿ, ಜಮಖಂಡಿ
ಹಂಗಂದ್ರ ಊತದ ಹಂತ ಅಂತ ಮನ್ಯಾಗ ಹೆಂಗ ಗುರ್ತ ಹಿಡೀಬೇಕು ಹೇಳ್ರಿ ಮತ್ತ. ಬರೇ "ತಪ್ಪು" ಅಂದ್ರ?

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಸಿಟ್ಟಾಗಬ್ಯಾಡ್ರಿ, ಬರೀತೀನಿ. ವೈದ್ಯರು ಏಳು ಗುರ್ತು ಎಣಸತಾರ: ಕಣ್ಣಿನ ಹಿಂದ ತಾನಾಗೇ ನೋವು, ಕಣ್ಣು ಮ್ಯಾಲೆ ಕೆಳಗ ಹೊರಳಿಸಿದ್ರ ನೋವು, ರೆಪ್ಪೆ ಕೆಂಪು, ಬಿಳಿಗುಡ್ಡೆ ಕೆಂಪು, ರೆಪ್ಪೆ ಊತ, ಮೂಗಿನ ಕಡೆ ಮೂಲೆಯ ಗುಲಾಬಿ ಮಾಂಸದ ಊತ, ಬಿಳಿಗುಡ್ಡೆ ಮ್ಯಾಲಿನ ಪೊರೆ ನೀರು ತುಂಬಿದಂಗ ಉಬ್ಬೋದು. ಏಳರಾಗ ಮೂರು ಇದ್ರ ರೋಗ ಚುರುಕಾಗಿ ನಡದೈತಿ ಅಂತ ಲೆಕ್ಕ.

ಮನ್ಯಾಗ ಮಾಡಬಹುದಾದ ಇನ್ನೆರಡು. ಒಂದು, ಮೂರು ನಾಕು ವರ್ಷದ ಹಿಂದಿನ ಎದುರು ಫೋಟೋ ತಗೊಂಡು ಈಗಿನ ಮಾರಿ ಜೋಡಿ ಹೋಲಿಸೋದು. ಸುಮ್ಮನ ಎದುರು ನೋಡುವಾಗ ಕರಿಗುಡ್ಡೆಗೂ ಮ್ಯಾಲಿನ ರೆಪ್ಪೆಗೂ ನಡುವ ಬಿಳಿ ಕಾಣಬಾರದು. ಈಗ ಕಂಡ್ರ ರೆಪ್ಪೆ ಸೇದಕೊಂಡೈತಿ. ಮದುವಿ ಫೋಟೋ ಬ್ಯಾಡ, ಫ್ಲಾಶಿಗೆ ಎಲ್ಲಾರೂ ಕಣ್ಣು ಅಗಲಿಸಿರತಾರ. ಎರಡು, ಕೆಂಪು ಬಾಟ್ಲಿ ಮುಚ್ಚಳ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡೋದು, ಆಮ್ಯಾಲೆ ಅದಲುಬದಲು. ಒಂದು ಕಣ್ಣಿಗೆ ಕೆಂಪು ಮಾಸಿದಂಗ, ಇಟ್ಟಂಗಿ ಬಣ್ಣದಂಗ ಕಂಡ್ರ ಊದಿದ ಸ್ನಾಯು ದೃಷ್ಟಿ ನರವನ್ನ ಹಿಚುಕಾಕತ್ತಿರಬಹುದು. ಅದು ತುರ್ತು, ಒಂದು ದಿನಾನೂ ತಡ ಮಾಡೋ ಹಂಗಿಲ್ಲ. ದೃಷ್ಟಿ ಮಂಜಾಗಿ ರೆಪ್ಪೆ ಬಡಿದರೂ ತಿಳಿಯಾಗದಿದ್ರ, ಒಂದು ವಸ್ತು ಎರಡಾಗಿ ಕಾಣಾಕ ಹತ್ತಿದ್ರ ಬ್ಯಾಗ ತೋರಿಸ್ರಿ.

ಬಿಸಿ ಬಟ್ಟಿ, ಜಮಖಂಡಿ
ಒಪ್ಪಿದೆ. ಮುಚ್ಚಳದ್ದು ಚಲೋ ಐತಿ.

ನೇಯ್ಗೆ ಮನಿ, ಬನಹಟ್ಟಿ
ಮಗ್ಗದ ಮ್ಯಾಲೆ ಕೂಡೋರಿಗೆ, ಕಂಪ್ಯೂಟರ್ ಮುಂದ ಕೂಡೋರಿಗೆ ತೊಂದರಿ ಒಂದs: ದಿಟ್ಟಿಸಿ ನೋಡೋದು. ಸುಮ್ಮನ ಇದ್ದಾಗ ನಿಮಿಷಕ್ಕ 15 ಸಲ ಹತ್ತಿರ ರೆಪ್ಪಿ ಬಡೀತೀವಿ, ಎಳಿ ಕಡದೈತೇನಂತ ನೋಡುವಾಗ ಅದು ಐದಾರಕ್ಕ ಇಳೀತೈತಿ. ಬಡಿದದ್ದೂ ಅರ್ಧಂಬರ್ಧ. ಪವರ್‌ಲೂಮ್ ಶೆಡ್ಡಿನ್ಯಾಗ ಹತ್ತಿ ಧೂಳು ಬ್ಯಾರೆ. 20 ನಿಮಿಷಕ್ಕೊಮ್ಮೆ ಕೈ ತಡದು ದೂರ ನೋಡಿ, ಹತ್ತು ಸಲ ಪೂರಾ ಮುಚ್ಚಿ, ಎರಡು ಎಣಿಸಿ ತೆರೀಬೇಕು. ಪೂರಾ ಮುಚ್ಚಿದಾಗಷ್ಟs ಅಂಚಿನ ಎಣ್ಣಿ ಒತ್ತಿ ಹೊರಗ ಬರೋದು.

ಬಸವನಬಾಗೇವಾಡಿ ಎತ್ತು
ಫ್ಯಾನಿನ ಮಾತ ಯಾರೂ ಎತ್ತಲಿಲ್ಲ! ವಿಜಯಪುರದಾಗ ಏಪ್ರಿಲ್, ಮೇ ಝಳದಾಗ ಫ್ಯಾನ್ ಇಲ್ದ ಮಲಗಾಕ ಬರಂಗಿಲ್ಲ, ಹಾಕಿದ್ರ ಅದು ನೇರ ಮಾರಿಗೆ. ಕಾಟು ಸರಿಸಿ ಕಾಲ ಕಡೆ ಗಾಳಿ ಬರೂ ಹಂಗ ಮಾಡ್ರಿ. ಕೂಲರ್ ಗಾಳ್ಯಾಗ ತೇವ ಇರತೈತಿ, ಎಸಿಗಿಂತ ಕಣ್ಣಿಗೆ ವಾಸಿ, ಆದ್ರ ಮೂತಿ ಗ್ವಾಡಿಗೆ ತಿರುಗಿಸಬೇಕು. ಬೈಕ್ ಮ್ಯಾಲೆ ಹೆಲ್ಮೆಟ್ ಗಾಜು ಇಳಿಸ್ರಿ. ಅದನ್ನ ಏರಿಸಿಕೊಂಡು ಹೋಗೋರs ಜಾಸ್ತಿ ನಮ್ಮ ಕಡೆ.

ಜ್ವಾರಿ ರೊಟ್ಟಿ, ಮುದ್ದೇಬಿಹಾಳ
ರೊಟ್ಟಿ ಬಡಿಯೋ ಹೆಣ್ಮಕ್ಕಳ ಕಣ್ಣಿಗೆ ಒಲಿ ಹೊಗಿ, ಹಂಚಿನ ಝಳ, ಹಾರೂ ಹಿಟ್ಟು ಮೂರೂ. ಹಿಟ್ಟಿನ ಕೈಲೆ ಕಣ್ಣು ಒರಸಬಾರದು. ಒಲಿ ಕಿಟಕಿ ಹತ್ತಿರ ಇದ್ದು ಹೊಗಿ ಮಾರಿಗೆ ಬರದಂಗ ಕೂಡಬೇಕು. ಇದಕ್ಕರ ಯಾರೂ "ಬ್ಯಾಡ" ಅನ್ನಂಗಿಲ್ಲ ಅನಕೊಂತೀನಿ.

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಇದಕ್ಕ ಯಾರು ಬ್ಯಾಡ ಅಂತಾರ್ರಿ ಅಕ್ಕಾರ. ಹೊಗೆ ಅಂದ ಮ್ಯಾಲೆ ಇನ್ನೊಂದು: ಗ್ರೇವ್ಸ್ ಕಣ್ಣನ್ನ ಕೆಡಿಸೋದರಾಗ, ನಮ್ಮ ಕೈಯಾಗ ಇರೋ ಕಾರಣಗಳ ಪೈಕಿ ಬೀಡಿ ಸಿಗರೇಟೇ ಮೊದಲನೇದು. ಸೇದೋರಿಗೆ ರೋಗ ಜೋರಾಗಿ ಬರತೈತಿ, ಔಷಧ ಕಡಿಮಿ ಹತ್ತತೈತಿ. ಮನ್ಯಾಗ ಬ್ಯಾರೆಯವರು ಸೇದೋ ಹೊಗೆನೂ ಅಂಗಳದಾಚೆ ಇರಲಿ.

ಘಟಪ್ರಭಾ ದಂಡಿ, ಗೋಕಾಕ
ನನ್ನ ಪ್ರಶ್ನೆ ಉಲ್ಟಾ. ಥೈರಾಯ್ಡ್ ಕಡಿಮಿ ಇದ್ದವರಿಗೂ, ಅದರ ಗುಳಗಿ ಲೆವೊಥೈರಾಕ್ಸಿನ್ ತಗೊಳ್ಳೋರಿಗೂ ಕಣ್ಣು ಒಣಗತಾವಲ್ಲ, ಅದೂ ಇದೇನಾ?

ಔಷಧ ಚೀಟಿ, ಚಿಕ್ಕೋಡಿ
ಬಹಳ ಸಲ ಅಲ್ಲ. ಹಾಶಿಮೊಟೊ (ದೇಹನs ತನ್ನ ಥೈರಾಯ್ಡ್ ಗ್ರಂಥಿ ಕೆಡಿಸೋ ರೋಗ) ಜಾತಿಯ ಹೈಪೋದವರಾಗ, ಅಂದ್ರ ಥೈರಾಯ್ಡ್ ಕಡಿಮಿ ಇದ್ದವರಾಗ, ಕಣ್ಣು ಮುಂದ ಬರೋ ರೋಗ ಅಪರೂಪಕ್ಕ ಬರತೈತಿ. ಹೆಚ್ಚಾಗಿ ಕಣ್ಣೀರೇ ಕಡಿಮಿ ಆಗೋದು, ರೆಪ್ಪಿ ಎಣ್ಣಿ ಕೆಡೋದು, ಕಣ್ಣ ಸುತ್ತ ಬಾವು. ಟಿಎಸ್‌ಎಚ್ ಏರಿಳಿತ ನಿಲ್ಲದ ಇದು ಹದಕ್ಕ ಬರಂಗಿಲ್ಲ, ಮತ್ತ ಏರಿಳಿತಕ್ಕ ಬಹಳ ಸಲ ಕಾರಣ ಗುಳಗಿ ತಗೊಳ್ಳೋ ಪದ್ಧತಿ. ಬರೇ ಹೊಟ್ಟ್ಯಾಗ, ಬರೇ ನೀರಿನ ಜೋಡಿ, ನಾಷ್ಟಾಕ್ಕಿಂತ 30ರಿಂದ 60 ನಿಮಿಷ ಮೊದಲ. ಚಾನೂ ಆಮ್ಯಾಲೆ. "ಚಾ ಅಂದ್ರ ನಾಷ್ಟಾ ಅಲ್ಲಲ್ಲ" ಅಂತಾರ. ಹೊಟ್ಟಿಗೆ ಅದು ಗೊತ್ತಾಗಂಗಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಗುಳಗಿ, ಆ್ಯಸಿಡಿಟಿ ಔಷಧ 4 ತಾಸು ದೂರ ಇರಲಿ. ಡೋಸ್ ಬದಲಿಸಿದ ಮ್ಯಾಲೆ 6ರಿಂದ 8 ವಾರ ಬಿಟ್ಟs ರಕ್ತ ತೋರಿಸಬೇಕು. ಆ ಔಷಧದ ಅರ್ಧಾಯು 7 ದಿನ, ಹದಿನೈದು ದಿನಕ್ಕ ನೋಡಿದ್ರ ಸುಳ್ಳು ಲೆಕ್ಕ ಸಿಗತೈತಿ. ಕೂದಲ ಸಲುವಾಗಿ ಬಯೋಟಿನ್ ತಗೊಳ್ಳೋರು ಎರಡು ಮೂರು ದಿನ ಮೊದಲ ಬಿಟ್ಟು ರಕ್ತ ಕೊಡ್ರಿ. ಅದು ರಿಪೋರ್ಟ್ ತಪ್ಪು ತೋರಿಸತೈತಿ. ಗುಳಗಿ ಬಾಟ್ಲಿ ಒಲಿ ಮ್ಯಾಲಿನ ಮಾಡದಾಗ ಇಡಬ್ಯಾಡ್ರಿ, ಬಿಸಿಗೆ ಅದರ ಕಸುವು ಇಳೀತೈತಿ.

ಘಟಪ್ರಭಾ ದಂಡಿ, ಗೋಕಾಕ
ಬಾಯಿನೂ ಒಣಗತೈತಿ ಅಂದ್ರ? ಒಣ ರೊಟ್ಟಿ ನೀರಿಲ್ದ ಇಳಿಯಂಗಿಲ್ಲ.

ಕುಂದಾ ಪ್ರಿಯ, ಬೆಳಗಾವಿ
ಕಣ್ಣು ಮತ್ತ ಬಾಯಿ ಎರಡೂ ಮೂರು ತಿಂಗಳಿಗಿಂತ ಹೆಚ್ಚು ಒಣಗಿದ್ರ ಶೋಗ್ರನ್ ಅಂತ ಇನ್ನೊಂದು ರೋಗ ನೆನಸಬೇಕು. ಹಾಶಿಮೊಟೊ, ಶೋಗ್ರನ್ ಎರಡೂ ದೇಹ ತನ್ನ ಮ್ಯಾಲೆ ತಾನೇ ಯುದ್ಧ ಹೂಡೋ ಜಾತಿಯವು, ಜೋಡಿಲೆ ಬರೋದು ಹೊಸದಲ್ಲ. ಎಸ್‌ಎಸ್‌ಎ ಪ್ರತಿಕಾಯದ ರಕ್ತ ಪರೀಕ್ಷಾ, ಕಣ್ಣಿಗೆ ಶಿರ್ಮರ್ ಪರೀಕ್ಷಾ ಮಾಡತಾರ. ಶಿರ್ಮರ್ ಅಂದ್ರ ಕಾಗದದ ಪಟ್ಟಿ ಕೆಳಗಿನ ರೆಪ್ಪಿಗೆ ಸಿಗಿಸಿ 5 ನಿಮಿಷ; ಎಷ್ಟು ಮಿಲಿಮೀಟರ್ ತೊಯ್ದೈತಿ ಅನ್ನೋ ಲೆಕ್ಕ. 10ಕ್ಕಿಂತ ಕೆಳಗ ಸಂಶಯ, 5ಕ್ಕಿಂತ ಕೆಳಗ ಗಟ್ಟಿ ಒಣಗು. ಅದಕ್ಕಿಂತ ಮೊದಲ ಗುಳಗಿ ಡಬ್ಬಿ ನೋಡ್ರಿ: ನೆಗಡಿಗೆ ದಿನಾ ಸೆಟ್ರಿಜಿನ್, ನರದ ನೋವಿಗೆ ಅಮಿಟ್ರಿಪ್ಟಿಲಿನ್, ಮೊಡವಿಗೆ ಐಸೊಟ್ರೆಟಿನೊಯಿನ್, ಇವೆಲ್ಲಾ ಒಣಗಸತಾವು. ಕೇಳದ ನಿಲ್ಲಿಸಬ್ಯಾಡ್ರಿ, ವೈದ್ಯರಿಗೆ ತೋರಸ್ರಿ.

ಬಸವನಬಾಗೇವಾಡಿ ಎತ್ತು
ಸಜ್ಜಿ ರೊಟ್ಟಿ, ಕ್ಯಾಬೇಜ್ ಬಿಡಬೇಕಂತ ಮೊಬೈಲ್‌ನಾಗ ಬಂದಿತ್ತು. ಖರೇ ಏನು?

ಔಷಧ ಚೀಟಿ, ಚಿಕ್ಕೋಡಿ
ಅರ್ಧ ಖರೇ. ಸಜ್ಜ್ಯಾಗ ಥೈರಾಯ್ಡ್ ಕೆಲಸ ತಡೆಯೋ ಅಂಶ ಅದಾವು. ಸುಡಾನಿನಾಗ ಸಜ್ಜಿಯೇ ಮುಖ್ಯ ಊಟ ಇರೋ, ಅಯೋಡಿನ್ ಕಡಿಮಿ ಇರೋ ಊರುಗಳಾಗ ಗಳಗಂಡಕ್ಕ ಅದೂ ಒಂದು ಕಾರಣ ಅಂತ ಕಂಡುಬಂದೈತಿ. ಅಯೋಡಿನ್ ಉಪ್ಪು ಉಣ್ಣೋ ಮನ್ಯಾಗ ಭೋಗಿಗೆ ಸಜ್ಜಿ ರೊಟ್ಟಿ ತಿಂದ್ರ ಏನೂ ಆಗಂಗಿಲ್ಲ. ಬೇಯಿಸಿದ ಕ್ಯಾಬೇಜಿಗೂ ಅಂಜಬ್ಯಾಡ್ರಿ. ಹಂಗಂತ ಅಯೋಡಿನ್ ಗುಳಗಿ, ಸಮುದ್ರ ಪಾಚಿ ಪುಡಿ ಮ್ಯಾಲಿಂದ ತಗೊಳ್ಳೋದು ಬ್ಯಾಡ; ಹೆಚ್ಚಾದ್ರೂ ಗ್ರಂಥಿ ಕೆಡತೈತಿ.

ಇಳಕಲ್ ಸೆರಗು
ಅಗಸಿ ಹಿಂಡಿ? ಒಮೆಗಾ ಐತಿ, ಕಣ್ಣಿಗೆ ಚಲೋ ಅಂತಾರ.

ನೇಯ್ಗೆ ಮನಿ, ಬನಹಟ್ಟಿ
ಬಿಸಿ ರೊಟ್ಟಿ, ಅಗಸಿ ಹಿಂಡಿ, ಮ್ಯಾಲೆ ಶೇಂಗಾ ಎಣ್ಣಿ. ಕಣ್ಣಿಗೆ ಏನರ ಆಗಲಿ, ನಾಲಿಗಿಗೆ ಚಲೋ.

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ರುಚಿಗೆ ತಿನ್ನರಿ, ಔಷಧ ಅಂತ ತಿನ್ನಬ್ಯಾಡ್ರಿ. 2018ರಾಗ ಅಮೆರಿಕಾದಾಗ ದೊಡ್ಡ ಪ್ರಯೋಗ ಆತು: ದಿನಕ್ಕ 3 ಗ್ರಾಂ ಮೀನಿನ ಒಮೆಗಾ ಒಂದು ವರ್ಷ ಕೊಟ್ರು, ಇನ್ನೊಂದು ಗುಂಪಿಗೆ ಆಲಿವ್ ಎಣ್ಣೆ. ಒಣಗಣ್ಣು ಎರಡೂ ಗುಂಪಿನ್ಯಾಗ ಅಷ್ಟಷ್ಟೇ ಸುಧಾರಿಸಿತು. ಅಗಸಿಯೊಳಗ ನಾರು ಬಹಳ, ಲೆವೊಥೈರಾಕ್ಸಿನ್ ಹೀರಿಕೊಳ್ಳೋದಕ್ಕ ಅಡ್ಡ ಬರತೈತಿ. ಹಿಂಡಿ ಮಧ್ಯಾಹ್ನದ ರೊಟ್ಟಿ ಜೋಡಿ ಇರಲಿ, ಮುಂಜಾನೆ ಗುಳಗಿ ಬೆನ್ನಿಗೆ ಬ್ಯಾಡ.

ಗುಮ್ಮಟದ ಗಾಳಿ, ವಿಜಯಪುರ
ಟಾರ್ಚ್ ಹಾಕಿ ನೋಡಿದೆವು. ಬಲಗಣ್ಣು ಎರಡು ಮಿಲಿಮೀಟರಿನಷ್ಟು ತೆರದs ಇರತೈತಿ, ಎಡಗಣ್ಣು ಒಂದು ಗೆರಿ. ಫೋಟೋದಾಗ ನೋಡಿದ್ರ ಮೊದಲ ಮ್ಯಾಲೆ ಬಿಳಿ ಕಾಣತಿರಲಿಲ್ಲ, ಈಗ ಕಾಣತೈತಿ. ಮುಚ್ಚಳದ ಕೆಂಪು ಎರಡೂ ಕಣ್ಣಿಗೆ ಒಂದs ಥರ. ಏಳರಾಗ ಎರಡು: ರೆಪ್ಪಿ ಊತ, ಬಿಳಿಗುಡ್ಡಿ ಕೆಂಪು. ಕೆಂಪು ಆ ನಾಫಾಝೋಲಿನ್‌ದೂ ಇರಬಹುದು ಅನಸತೈತಿ. ಯಾರ ಹತ್ತಿರ ಹೋಗೂಣ್ರಿ? ವಿಕಿರಣ ಅಯೋಡಿನ್ (ಥೈರಾಯ್ಡ್ ಗ್ರಂಥಿ ಸುಡೋ ಔಷಧ) ಕೊಟ್ಟು ಒಮ್ಮೆಲೆ ಮುಗಿಸೂಣು ಅಂತ ಒಬ್ಬರು ಹೇಳ್ಯಾರ.

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಚಲೋ ನೋಡೀರಿ. ಮುಂಜಾನೆ ಉಸುಕಿಗೆ ಕಾರಣ ಸಿಕ್ಕಂಗ ಆತು. ವಿಜಯಪುರದಾಗ ಬಿಎಲ್‌ಡಿಇ ವೈದ್ಯಕೀಯ ಕಾಲೇಜು ಐತಿ, ಬಾಗಲಕೋಟ್ಯಾಗ ಕುಮಾರೇಶ್ವರ ಆಸ್ಪತ್ರಿ, ಬೆಳಗಾವ್ಯಾಗ ಕೆಎಲ್‌ಇ, ಬಿಮ್ಸ್. ಹಾರ್ಮೋನ್ ನೋಡೋರು, ಕಣ್ಣು ನೋಡೋರು ಇಬ್ಬರಿಗೂ ಒಂದs ಫೈಲ್ ತೋರಸ್ರಿ. ಕೇಳಬೇಕಾದದ್ದು: ಕಾರ್ನಿಯಾಕ್ಕ ಬಣ್ಣ ಹಾಕಿ ಗೀರು ನೋಡ್ಯಾರೇನು, ಕಣ್ಣು ಎಷ್ಟು ಮಿಲಿಮೀಟರ್ ಮುಂದ ಬಂದೈತಿ, ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯ (ಗ್ರೇವ್ಸ್‌ನಾಗ ಥೈರಾಯ್ಡನ್ನ ಕೆಣಕೋದು) ಎಷ್ಟು.

ವಿಕಿರಣ ಅಯೋಡಿನ್ ಗ್ರೇವ್ಸ್ ಕಣ್ಣನ್ನ ಕೆಲವರಿಗೆ ಕೆಡಸತೈತಿ. ಕೊಡಲೇಬೇಕಾದ್ರ ಕಣ್ಣಿನ ಸ್ಥಿತಿ ನೋಡಿ, ಬೇಕಿದ್ರ ಪ್ರೆಡ್ನಿಸೊಲೋನ್ ಗುಳಗಿ ಕಾವಲಿಟ್ಟು ಕೊಡತಾರ. ಕೊಟ್ಟ ಮ್ಯಾಲೆ ಟಿಎಸ್‌ಎಚ್ ಏರಾಕ ಬಿಟ್ಟರೂ ಕಣ್ಣು ಮತ್ತ ಕೆಡತೈತಿ. ಇದನ್ನ ಹಾರ್ಮೋನ್ ವೈದ್ಯರ ಮುಂದ ಬಾಯಿ ಬಿಟ್ಟು ಕೇಳ್ರಿ, ಸಂಕೋಚ ಬ್ಯಾಡ.

ಕುಂದಾ ಪ್ರಿಯ, ಬೆಳಗಾವಿ
ಉರಿಯೂತ ಚುರುಕಾಗಿ, ಮಧ್ಯಮದಿಂದ ತೀವ್ರ ಇದ್ದವರಿಗೆ ಸಲೈನಿನ್ಯಾಗ ಮಿಥೈಲ್‌ಪ್ರೆಡ್ನಿಸೊಲೋನ್: ವಾರಕ್ಕೊಮ್ಮೆ 500 ಮಿಲಿಗ್ರಾಂ ಆರು ವಾರ, ಆಮ್ಯಾಲೆ 250 ಆರು ವಾರ, ಒಟ್ಟು 4.5 ಗ್ರಾಂ. ಸಕ್ಕರೆ ಕಾಯಿಲಿ, ಲಿವರ್ ಮೊದಲs ನೋಡಬೇಕು. ಹಗುರ ಇದ್ದು ಈಗಷ್ಟs ಶುರುವಾದವರಿಗೆ ಸೆಲೆನಿಯಂ 100 ಮೈಕ್ರೋಗ್ರಾಂ ದಿನಕ್ಕ ಎರಡು ಸಲ, ಆರು ತಿಂಗಳು ಕೊಡೋದೈತಿ; ಅದರ ಪ್ರಯೋಗ ನಡದದ್ದು ಮಣ್ಣಿನ್ಯಾಗ ಸೆಲೆನಿಯಂ ಕಡಿಮಿ ಇರೋ ಯುರೋಪಿನ ಮಂದಿ ಮ್ಯಾಲೆ. ತಾವs ಅಂಗಡಿಯಿಂದ ತಂದು ನುಂಗಬ್ಯಾಡ್ರಿ. ಶಸ್ತ್ರಚಿಕಿತ್ಸಿ ಬೇಕಾದ್ರ ಕಣ್ಣು ತಣ್ಣಗಾಗಿ ಆರು ತಿಂಗಳು ನಿಂತ ಮ್ಯಾಲೆ. ಮೊದಲ ಕಣ್ಣಿನ ಗೂಡು ಅಗಲ ಮಾಡೋದು, ಆಮ್ಯಾಲೆ ಮಾಲಗಣ್ಣು, ಕಡೀಕ ರೆಪ್ಪಿ. ಮೊದಲs ರೆಪ್ಪಿ ಮಾಡಿಸಿಕೊಂಡ್ರ ಮುಂದಿನ ಕೆಲಸದಾಗ ಅದು ಮತ್ತ ಜಾಗ ಬದಲಸತೈತಿ.

ಔಷಧ ಚೀಟಿ, ಚಿಕ್ಕೋಡಿ
ಕಾರ್ಬಿಮಝೋಲ್ ತಗೊಳ್ಳೋರು ಒಂದು ನೆನಪಿಡ್ರಿ. ಜ್ವರ ಬಂದು ಗಂಟಲ ನೋವು, ಬಾಯಾಗ ಹುಣ್ಣು ಆದ್ರ ಗುಳಗಿ ನಿಲ್ಲಿಸಿ ಅವತ್ತs ಬಿಳಿ ರಕ್ತಕಣದ ಎಣಿಕಿ ಮಾಡಿಸಬೇಕು. ಅಪರೂಪಕ್ಕ ಅದು ಬಿಳಿ ಕಣ ಪೂರಾ ಇಳಿಸಿಬಿಡತೈತಿ. "ಮಳಿಗಾಲದ ಜ್ವರ" ಅಂತ ಮಾತ್ರಿ ನುಂಗಿ ಕೂಡೋದಲ್ಲ.

ಗುಮ್ಮಟದ ಗಾಳಿ, ವಿಜಯಪುರ
ಬರಕೊಂಡೆ. ಸೋಮವಾರ ಹೊಂಟೇವಿ. ಅಲ್ಲೀ ತನಕ ರಾತ್ರಿ ಏನು ಮಾಡೂಣು? ಕಣ್ಣ ಮ್ಯಾಲೆ ಅಳ್ಳಿ (ಹತ್ತಿ) ಇಟ್ಟು ಪಟ್ಟಿ ಕಟ್ಟಿದ್ರ?

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಅಳ್ಳಿ ಪಟ್ಟಿ ಬ್ಯಾಡ್ರಿ! ಪೂರಾ ಮುಚ್ಚದ ಕಣ್ಣಿನ ಮ್ಯಾಲೆ ಅಳ್ಳಿ ಇಟ್ರ ಒಳಗ ರೆಪ್ಪೆ ತೆರದು ಅಳ್ಳಿ ಕಾರ್ನಿಯಾಕ್ಕ ಉಜ್ಜತೈತಿ. ಮಲಗೋ ಮುಂದ ಜೆಲ್ ಅಥವಾ ಮುಲಾಮು, ಅಕ್ಕಿ ಕಾಳಿನಷ್ಟು, ಕೆಳಗಿನ ರೆಪ್ಪೆಯೊಳಗ. ಮುಂಜಾನೆ ಅರ್ಧ ತಾಸು ಮಸಕು ಕಾಣತೈತಿ, ಅದು ಹೋಗತೈತಿ. ತಲೆ ಕಡೆಯ ಕಾಟಿನ ಕಾಲಿಗೆ ಒಂದೊಂದು ಇಟ್ಟಂಗಿ ಕೊಡ್ರಿ, ಮುಂಜಾನೆ ರೆಪ್ಪೆ ಊತ ಕಡಿಮಿ ಆಗತೈತಿ. ಬರೇ ದಿಂಬು ಏರಿಸಿದ್ರ ಕುತ್ತಿಗೆ ನೋಯತೈತಿ.

ಗುಮ್ಮಟದ ಗಾಳಿ, ವಿಜಯಪುರ
ಟೇಪ್ ಹಚ್ಚತಾರ ಅಂತ ಕೇಳೀನಿ?

ಸ್ಲಿಟ್ ಲ್ಯಾಂಪ್, ಬಾಗಲಕೋಟೆ
ಹಚ್ಚತಾರ, ಆದ್ರ ಸೋಮವಾರ ವೈದ್ಯರ ಕೈಲೆ ತೋರಿಸಿಕೊಂಡ ಮ್ಯಾಲೆ ಹಚ್ಚರಿ. ಅರ್ಧ ಇಂಚಿನ ಕಾಗದದ ಟೇಪ್, ಪ್ಲಾಸ್ಟಿಕ್‌ದಲ್ಲ. ಮುಲಾಮು ಹಚ್ಚಿದ ಮ್ಯಾಲೆ ರೆಪ್ಪೆ ಹೊರಗಿನ ತೊಗಲು ಒರಸಬೇಕು, ಜಿಡ್ಡಿದ್ರ ಟೇಪ್ ನಡುರಾತ್ರಿ ಬಿಡತೈತಿ. ಮ್ಯಾಲಿನ ರೆಪ್ಪೆ ಬೆರಳಿಲೆ ಪೂರಾ ಇಳಿಸಿ, ಕೆಳಗಿನದಕ್ಕ ಮುಟ್ಟೈತಿ ಅಂತ ನೋಡಿ, ಆಮ್ಯಾಲೆ ಟೇಪ್. ಟೇಪಿನ ಅಂಟು ಬದಿ ಕಣ್ಣಗುಡ್ಡೆಗೆ ತಾಗೋ ಹಂಗ ಎಂದೂ ಇರಬಾರದು. ಮುಂಜಾನೆ ಕಿತ್ತೋ ಮುಂದ ಬಿಸಿ ನೀರಿನ ಬೆರಳಿಲೆ ತೋಯಿಸಿ ಬಿಡಿಸ್ರಿ, ಇಲ್ಲಂದ್ರ ರೆಪ್ಪೆಗೂದಲ ಜೋಡಿ ಬರತಾವು.

ಜ್ವಾರಿ ರೊಟ್ಟಿ, ಮುದ್ದೇಬಿಹಾಳ
ಆ ಕೆಂಪು ಮುಚ್ಚಳ ಇಟ್ಟುಕೋರಿ, ಚೆಲ್ಲಬ್ಯಾಡ್ರಿ. ವಾರಕ್ಕೊಮ್ಮೆ ನೋಡಾಕ ಬರತೈತಿ. ಹರಳೆಣ್ಣಿ ಬಾಟ್ಲಿ ನಾನು ಕೂದಲಿಗೆ ಇಟ್ಟೆ.